ನಗಯಮೊನ್: ಜಪಾನಿನ ಮನೆತನಗಳ ಹೆಬ್ಬಾಗಿಲ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿಗೆ ಹೋಗಿಬಂದವರು, ಅಲ್ಲೇ ಓದುತ್ತಿರುವವರು, ಹಳೆಯ ಮರದ ಕಟ್ಟಡಗಳ ಹುಚ್ಚು ಹಿಡಿದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಬರೀ ಪ್ರವಾಸಕ್ಕೆ ಹೊರಟವರಿಗೆ ಮೊದಲ ಎರಡು ಭಾಗ ಸಾಕು. ಕಾನೂನು ಮತ್ತು ದುರಸ್ತಿಯ ವಿಷಯ ಆಮೇಲೆ ಬರುತ್ತದೆ.

## ಮೊದಲ ಪರಿಚಯ

ನಗಯಮೊನ್ ಅಂದರೆ ಏನು? ಅದು ಬಾಗಿಲೋ, ಮನೆಯೋ?

ಎರಡೂ ಹೌದು. ‘ನಗಯ’ ಅಂದರೆ ಉದ್ದನೆಯ ಸಾಲುಮನೆ, ‘ಮೊನ್’ ಅಂದರೆ ಹೆಬ್ಬಾಗಿಲು. ಒಂದೇ ಮಾಡಿನ ಕೆಳಗೆ ನಡುವೆ ಗಾಡಿ ಹಾಯುವಷ್ಟು ಅಗಲದ ದಾರಿ, ಅದರ ಎಡಬಲಕ್ಕೆ ಕೋಣೆಗಳು. ಬೀದಿಯಿಂದ ನೋಡಿದರೆ ಉದ್ದ ಗೋಡೆ, ನಡುವೆ ಎರಡು ದೊಡ್ಡ ಕದ, ಮೇಲೆ ಮಾಡು, ಇಷ್ಟೇ ಕಾಣುತ್ತದೆ. ಒಳಗೆ ಹೋಗಿ ತಿರುಗಿ ನೋಡಿದಾಗಲೇ ಅದು ಮನೆ ಎಂದು ತಿಳಿಯುವುದು. ಜಪಾನಿನ ಬಡಗಿಗಳು ಉದ್ದವನ್ನು ‘ಕೆನ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಕೆನ್ ಅಂದರೆ ಆರು ಶಾಕು, ಸುಮಾರು 1.82 ಮೀಟರ್. ಹಳ್ಳಿಯ ಸಾಧಾರಣ ನಗಯಮೊನ್ ಐದಾರು ಕೆನ್ ಉದ್ದ, ಎರಡು ಕೆನ್ ಆಳ ಇರುತ್ತದೆ. ಅಂದರೆ ಹತ್ತು ಮೀಟರಿನ ಆಸುಪಾಸು ಉದ್ದ, ಮೂರೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಆಳ. ಅನುಕೂಲಸ್ಥರದು ಇದರ ಎರಡರಷ್ಟೂ ಇದೆ.

ಬಾಗಿಲ ಪಕ್ಕದ ಕೋಣೆಗಳಲ್ಲಿ ಯಾರು ಇರುತ್ತಿದ್ದರು?

ಯಾರ ಮನೆ ಎಂಬುದರ ಮೇಲೆ ಹೋಗುತ್ತದೆ. ಎದೊ ಕಾಲದಲ್ಲಿ (1603–1868) ದೈಮ್ಯೊಗಳು, ಅಂದರೆ ಪ್ರಾಂತ್ಯದ ಒಡೆಯರು, ಶೋಗನ್ (ಸೇನಾ ಅರಸ) ಆಳುತ್ತಿದ್ದ ಎದೊದಲ್ಲೂ (ಇಂದಿನ ಟೋಕಿಯೋ) ಮನೆ ಇಟ್ಟುಕೊಳ್ಳಲೇಬೇಕಿತ್ತು. ಒಡೆಯನ ಜತೆ ಬಂದ ಪರಿವಾರಕ್ಕೆ ಜಾಗ ಬೇಕಲ್ಲ? ಮನೆಯ ಸುತ್ತಲಿನ ಹೊರಗೋಡೆಯನ್ನೇ ಸಾಲುಮನೆಯಾಗಿ ಕಟ್ಟಿ, ಸಮುರಾಯ್ ಸೇವಕರನ್ನು ಅದರಲ್ಲಿ ಇರಿಸಿದರು. ಆ ಸಾಲಿನ ನಡುವೆ ಬಾಗಿಲು ತೆರೆದಾಗ ನಗಯಮೊನ್ ಆಯಿತು. ಕಾವಲುಗಾರನ ಕೋಣೆಗೆ ಬೀದಿಯ ಕಡೆ ದಪ್ಪ ಮರದ ಸರಳಿನ ಕಿಟಕಿ ಇರುತ್ತಿತ್ತು. ಬಂದವರು ಯಾರೆಂದು ಒಳಗಿನಿಂದ ಕಾಣಬೇಕು, ಹೊರಗಿನವರಿಗೆ ಒಳಗಿನದು ಕಾಣಬಾರದು.

ಹಳ್ಳಿಯಲ್ಲಿ ಇದೇ ಆಕಾರಕ್ಕೆ ಬೇರೆ ಬದುಕು. ಒಂದು ಬದಿ ಆಳುಮಕ್ಕಳಿಗೆ ಅಥವಾ ವಯಸ್ಸಾದ ಹಿರಿಯರಿಗೆ, ಇನ್ನೊಂದು ಬದಿ ಭತ್ತ, ಸೌದೆ, ನೇಗಿಲು ಇಡಲು, ಕೆಲವೆಡೆ ಕುದುರೆ ಕಟ್ಟಲು. ರೇಷ್ಮೆ ಸಾಕುವ ಊರುಗಳಲ್ಲಿ ಅಟ್ಟದ ಮೇಲೆ ಹುಳು ಸಾಕುತ್ತಿದ್ದರು.

ದುಡ್ಡಿದ್ದವರು ಯಾರು ಬೇಕಾದರೂ ಕಟ್ಟಿಸಬಹುದಿತ್ತಾ?

ಇಲ್ಲ. ಎದೊ ಕಾಲದಲ್ಲಿ ಬಾಗಿಲು ಅಂತಸ್ತಿನ ಗುರುತಾಗಿತ್ತು. ಒಡೆಯನ ಸೀಮೆಯ ಹುಟ್ಟುವಳಿಯನ್ನು ‘ಕೊಕು’ ಲೆಕ್ಕದಲ್ಲಿ ಅಳೆಯುತ್ತಿದ್ದರು. ಒಂದು ಕೊಕು ಸುಮಾರು 180 ಲೀಟರ್ ಅಕ್ಕಿ. ಎಷ್ಟು ಕೊಕುವಿನ ಒಡೆಯ ಎನ್ನುವುದರ ಮೇಲೆ ಬಾಗಿಲ ಬಗೆ, ಕಾವಲು ಕೋಣೆ ಒಂದೋ ಎರಡೋ, ಅದರ ಮಾಡು ಎಂಥದ್ದು ಎಲ್ಲ ನಿಗದಿಯಾಗುತ್ತಿತ್ತು. ರೈತರಲ್ಲಿ ಊರ ಮುಖ್ಯಸ್ಥರಿಗೆ (ಪೂರ್ವದ ಕಡೆ ‘ನನುಶಿ’, ಪಶ್ಚಿಮದ ಕಡೆ ‘ಶೋಯಾ’) ಮತ್ತು ಮನೆತನದ ಹೆಸರು ಇಟ್ಟುಕೊಳ್ಳಲು, ಕತ್ತಿ ಕಟ್ಟಲು ಅಪ್ಪಣೆ ಪಡೆದವರಿಗೆ ಮಾತ್ರ ನಗಯಮೊನ್ ಕಟ್ಟಲು ಬಿಡುತ್ತಿದ್ದರು. 1868ರಲ್ಲಿ ಶೋಗನ್ ಆಡಳಿತ ಹೋಗಿ ಚಕ್ರವರ್ತಿಯ ಕೈಗೆ ಅಧಿಕಾರ ಬಂದ ಮೇಜಿ ಬದಲಾವಣೆಯ ನಂತರ ಈ ಕಟ್ಟು ಸಡಿಲವಾಯಿತು. ಆಗ, ತಾತನ ಕಾಲದಿಂದ ಆಸೆಪಟ್ಟಿದ್ದ ಶ್ರೀಮಂತ ರೈತರು ಸಾಲುಸಾಲಾಗಿ ಕಟ್ಟಿಸಿದರು. ಹಾಗಾಗಿ ಹಳ್ಳಿಗಳಲ್ಲಿ ಇಂದು ಉಳಿದಿರುವವುಗಳಲ್ಲಿ ಎಷ್ಟೋ ಮೇಜಿ ಕಾಲದವು (1868–1912). ‘ಸಮುರಾಯ್ ಬಾಗಿಲು’ ಎಂದು ತೋರಿಸಿದ್ದನ್ನೆಲ್ಲ ಹಾಗೆಯೇ ನಂಬಬೇಡಿ.

ಜಪಾನಿನ ಹಳೆಯ ಬಾಗಿಲೆಲ್ಲ ನಗಯಮೊನ್ ತಾನೇ?

ಅಲ್ಲ. ಕಂಬ ಎಣಿಸಿದರೆ ಅರ್ಧ ಗುಟ್ಟು ಬಿಟ್ಟಂತೆ. ಎರಡೇ ಕಂಬದ ಮೇಲೆ ಮಾಡು ಕುಳಿತಿದ್ದರೆ ‘ಮುನಮೊನ್’. ಮುಂದೆ ಎರಡು ದಪ್ಪ ಕಂಬ, ಹಿಂದೆ ಎರಡು ಆಸರೆ ಕಂಬ, ಮಾಡಿನ ನೆತ್ತಿ ನಟ್ಟನಡುವೆ ಇರದೆ ಸ್ವಲ್ಪ ಮುಂದಕ್ಕೆ ಸರಿದಿದ್ದರೆ ‘ಯಾಕುಯಿಮೊನ್’. ಈ ಹೆಸರಿಗೆ ಎರಡು ಕಥೆಗಳಿವೆ: ಬಾಣ ತಡೆಯುವ ಬಾಗಿಲು ಎಂಬುದು ಒಂದು, ವೈದ್ಯನ ಮನೆ ಬಾಗಿಲು ಎಂಬುದು ಇನ್ನೊಂದು. ಕೋಟೆಗಳಲ್ಲಿ ಹಿಂದಿನ ಆಸರೆ ಕಂಬಗಳಿಗೂ ಪುಟ್ಟ ಪುಟ್ಟ ಮಾಡು ಹಾಕಿದ್ದರೆ ಅದು ‘ಕೊರಾಯಿಮೊನ್’, ಮೇಲೆ ಉಪ್ಪರಿಗೆ ಇದ್ದರೆ ‘ಯಾಗುರಮೊನ್’. ಕೋಣೆಗಳು ಮೈಗೆ ಅಂಟಿಕೊಂಡು ಒಂದೇ ಮಾಡಿನೊಳಗೆ ಬಂದರೆ ಮಾತ್ರ ನಗಯಮೊನ್.

ಅಕಿತ ಸೀಮೆಯ ಕಕುನೊದತೆ ಊರಿನ ಆವೊಯಾಗಿ ಮನೆತನದ ಬಾಗಿಲು ಯಾಕುಯಿಮೊನ್‌ಗೆ ಒಳ್ಳೆಯ ಉದಾಹರಣೆ. ಕಟ್ಟಿದ್ದು 1860ರಲ್ಲಿ.

ಇದು ನಮ್ಮ ವಾಡೆಗಳ ಹೆಬ್ಬಾಗಿಲಿನಂತೆಯೇ ಅಲ್ಲವೇ?

ಕೆಲಸ ಒಂದೇ, ಕಟ್ಟುವ ಬಗೆ ಬೇರೆ. ಉತ್ತರ ಕರ್ನಾಟಕದ ದೇಸಾಯಿ ವಾಡೆಯ ಬಾಗಿಲಲ್ಲೂ ದೊಡ್ಡ ಕದ, ದಿನದ ಓಡಾಟಕ್ಕೆ ದಿಡ್ಡಿ ಬಾಗಿಲು, ಒಳಗೆ ಅಡ್ಡ ಹಾಕುವ ಲಾಳವಂಡಿಗೆ, ಪಕ್ಕದಲ್ಲಿ ಕಾವಲುಗಾರನ ಕಟ್ಟೆ ಇರುತ್ತವೆ. ಆದರೆ ಅಲ್ಲಿ ಭಾರ ಹೊರುವುದು ಕಲ್ಲು ಮಣ್ಣಿನ ದಪ್ಪ ಗೋಡೆ. ಜಪಾನಿನದರಲ್ಲಿ ಭಾರವೆಲ್ಲ ಮರದ ಕಂಬ ತೊಲೆಗಳ ಮೇಲೆ, ಗೋಡೆ ನಡುವಿನ ತುಂಬುವಿಕೆ ಮಾತ್ರ. ದುರಸ್ತಿಯ ಲೆಕ್ಕವೆಲ್ಲ ಬೇರೆಯಾಗುವುದು ಇದರಿಂದಲೇ.

## ನೋಡಲು ಹೋಗುವವರಿಗೆ

ಟೋಕಿಯೋ ವಿಶ್ವವಿದ್ಯಾಲಯದ ಬಾಗಿಲು ಯಾಕೆ ಕೆಂಪು?

ಅದು ಮದುವೆಯ ಬಾಗಿಲು. ಹನ್ನೊಂದನೆಯ ಶೋಗನ್ ತೊಕುಗಾವ ಇಯೆನರಿಯ ಮಗಳು ಯಾಸುಹಿಮೆಯನ್ನು ಕಾಗಾ ಸೀಮೆಯ ಮಾಯೆದ ನರಿಯಾಸುಗೆ ಕೊಟ್ಟು 1827ರಲ್ಲಿ ಮದುವೆಯಾಯಿತು. ಶೋಗನ್ ಮಗಳು ಮೇಲುದರ್ಜೆಯ ದೈಮ್ಯೊ ಮನೆಗೆ ಸೊಸೆಯಾಗಿ ಬಂದರೆ ಅವಳ ವಾಸಕ್ಕೆ ಬೇರೆಯೇ ಅರಮನೆ ಕಟ್ಟಿ, ಅದರ ಮುಂಬಾಗಿಲಿಗೆ ಕೆಂಪು ಬಣ್ಣ ಬಳಿಯುವ ಪದ್ಧತಿಯಿತ್ತು. ಆ ಅರಮನೆಗೆ ‘ಗೊಶುದೆನ್’ ಎಂದು ಹೆಸರು. ಬಾಗಿಲ ಅಧಿಕೃತ ಹೆಸರಿನಲ್ಲೂ ಆ ಪದವಿದೆ, ಆದರೆ ಜನರ ಬಾಯಲ್ಲಿ ಅದು ಅಕಮೊನ್, ಅಂದರೆ ‘ಕೆಂಪು ಬಾಗಿಲು’, ಅಷ್ಟೇ. ಮಾಯೆದ ಮನೆತನ ಹತ್ತು ಲಕ್ಷ ಕೊಕು ಮೀರಿದ್ದು, ದೈಮ್ಯೊಗಳಲ್ಲೇ ದೊಡ್ಡದು.

ಹತ್ತಿರ ಹೋದರೆ ಹೆಂಚು ಗಮನಿಸಿ. ಮಾಡಿನ ನೆತ್ತಿಯಲ್ಲಿ ತೊಕುಗಾವ ಮನೆತನದ ಮೂರೆಲೆಯ ‘ಆವೊಯಿ’ ಮುದ್ರೆ, ಸೂರಿನ ದುಂಡು ಹೆಂಚುಗಳಲ್ಲಿ ಮಾಯೆದ ಮನೆತನದ ‘ಉಮೆ’ ಹೂವಿನ ಮುದ್ರೆ. ತವರಿನ ಗುರುತು ತಲೆಯ ಮೇಲೆ, ಗಂಡನ ಮನೆಯ ಗುರುತು ಕೆಳಗೆ! ಬೀಗರ ನಡುವೆ ಯಾರ ಕೈ ಮೇಲಿತ್ತು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬಾಗಿಲು ಯಾಕುಯಿಮೊನ್ ಬಗೆಯದು. ಎರಡೂ ಬದಿಗೆ ಬಿಲ್ಲಿನಂತೆ ಬಾಗಿದ ಮುಂಗಟ್ಟಿನ ಕಾವಲು ಕೋಣೆಗಳಿವೆ. ಆ ಬಾಗುವಿಕೆಗೆ ‘ಕರಹಾಫು’ ಎನ್ನುತ್ತಾರೆ. ಅಂದಹಾಗೆ ಇದು ವಿಶ್ವವಿದ್ಯಾಲಯದ ಮುಖ್ಯ ದ್ವಾರವಲ್ಲ. 1912ರಲ್ಲಿ ಕಟ್ಟಿದ ಮುಖ್ಯ ದ್ವಾರ ಅದೇ ಬೀದಿಯಲ್ಲಿ ಇನ್ನಷ್ಟು ಮುಂದಿದೆ.

ಅಕಮೊನ್ ದಾಟಿ ಒಳಗೆ ಹೋಗಬಹುದಾ? ಮುಚ್ಚಿದೆ ಅಂತಾರಲ್ಲ?

ಭೂಕಂಪ ತಾಳುವ ಶಕ್ತಿ ಸಾಲದೆಂಬ ಕಾರಣಕ್ಕೆ 2021ರ ಫೆಬ್ರುವರಿಯಲ್ಲಿ ಬಾಗಿಲು ಮುಚ್ಚಿದರು. 2027ಕ್ಕೆ ಬಾಗಿಲಿಗೆ 200 ವರ್ಷ, ವಿಶ್ವವಿದ್ಯಾಲಯಕ್ಕೆ 150 ವರ್ಷ. ಹೊರಡುವ ಮುನ್ನ ಆ ಹೊತ್ತಿನ ಸ್ಥಿತಿ ವಿಚಾರಿಸಿಕೊಳ್ಳಿ. ಕದ ಮುಚ್ಚಿದ್ದರೂ ಹೊಂಗೊ ಬೀದಿಯಿಂದ ಮುಂಭಾಗವನ್ನು ನೋಡಬಹುದು, ಹೊಂಗೊ-ಸಾನ್ಚೊಮೆ ನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರ.

ಉಯೆನೊದಲ್ಲಿ ‘ಕರಿ ಬಾಗಿಲು’ ಅಂತ ಇದೆಯಂತೆ. ಅದು ಯಾರದು?

ತೊತ್ತೊರಿಯ ಇಕೆದ ಮನೆತನದ್ದು. ಅದು 3,25,000 ಕೊಕುವಿನ ಸೀಮೆ. ಈ ಬಾಗಿಲಿಗೆ ಕಾಲು ಬಂದಂತಿದೆ. ಮೊದಲು ಇದ್ದದ್ದು ಎದೊ ಕೋಟೆಯ ಹತ್ತಿರ, ಇಂದಿನ ಮರುನೊಉಚಿಯಲ್ಲಿ. ಮೇಜಿ ಕಾಲದಲ್ಲಿ ಯುವರಾಜನ ಅರಮನೆಗೆಂದು ಶಿಬಾ ತಕನವಾಕ್ಕೆ ಹೋಯಿತು, ಆಮೇಲೆ ಅಲ್ಲೇ ರಾಜಕುಮಾರ ತಕಮಾತ್ಸುವಿನ ಮನೆ ಬಾಗಿಲಾಯಿತು, 1954ರಲ್ಲಿ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಆವರಣಕ್ಕೆ ಬಂತು. ಸಂಗ್ರಹಾಲಯದ ಮುಖ್ಯ ದ್ವಾರದಿಂದ ಎಡಕ್ಕೆ ಬೀದಿಯಲ್ಲೇ ನಡೆದರೆ ಟಿಕೆಟ್ ಇಲ್ಲದೆ ಮುಂಭಾಗ ಕಾಣುತ್ತದೆ. ಅಕಮೊನ್ ನೋಡಿದ ದಿನವೇ ಇದನ್ನೂ ನೋಡಿದರೆ ಹೋಲಿಕೆ ಚೆನ್ನಾಗಿ ತಿಳಿಯುತ್ತದೆ. ಇಲ್ಲಿಯೂ ಎರಡೂ ಬದಿಗೆ ಕರಹಾಫು ಕಾವಲು ಕೋಣೆಗಳಿವೆ, ಆದರೆ ಮದುವೆಯ ಬಣ್ಣವಿಲ್ಲ, ಬರೀ ಕಪ್ಪಿಟ್ಟ ಮರದ ಗಾಂಭೀರ್ಯ. ನಮ್ಮ ಮಟ್ಟಿಗೆ ಹೇಳುವುದಾದರೆ ಕಟ್ಟಡವಾಗಿ ಇದೇ ಮೇಲು.

ಸಾಮಾನ್ಯ ರೈತ ಮನೆತನದ ನಗಯಮೊನ್ ಎಲ್ಲಿ ನೋಡಬಹುದು? ಒಳಗೂ ಹೋಗಬೇಕು.

ಯೊಕೊಹಾಮಾದ ಸೆಯಾ ವಾರ್ಡಿನಲ್ಲಿ ‘ನಗಯಮೊನ್ ಪಾರ್ಕ್’ ಎಂದೇ ಇದೆ. ಅಲ್ಲಿರುವುದು ಓಓಕ ಮನೆತನದ ಬಾಗಿಲು, ಕಟ್ಟಿದ್ದು 1887ರಲ್ಲಿ. ಆವರಣದೊಳಗೆ ಬೇರೆ ಕಡೆಯಿಂದ ತಂದು ನಿಲ್ಲಿಸಿದ ಹಳೆಯ ರೈತರ ಮನೆಯೂ ಇದೆ. ಮಿತ್ಸುಕ್ಯೊ ನಿಲ್ದಾಣದಿಂದ ನಡೆದು ಹೋಗಬಹುದು.

ಟೋಕಿಯೋದ ಶಿಬಮತದಲ್ಲಿರುವ ಯಾಮಮೊತೊ-ತೇಯಿ ಎಂಬ ಮನೆಯ ನಗಯಮೊನ್ ವಿಚಿತ್ರ: ಹೊರ ಆಕಾರ ಹಳೆಯದು, ಪಕ್ಕದ ಕೋಣೆಗಳಲ್ಲಿ ಬಣ್ಣದ ಗಾಜು. ತೊಚಿಗಿ ಸೀಮೆಯ ಕಡೆ ಹೋದರೆ ಮೆತ್ತನೆಯ ಓಯಾ ಕಲ್ಲು ಹೊದಿಸಿದ ನಗಯಮೊನ್‌ಗಳು ಊರೂರಲ್ಲಿ ಕಾಣುತ್ತವೆ. ಇನ್ನು ಕೊಗನೆಯಿಯ ಎದೊ-ಟೋಕಿಯೋ ಬಯಲು ವಸ್ತುಸಂಗ್ರಹಾಲಯದಲ್ಲಿ ಉವಾಜಿಮದ ದಾತೆ ಮನೆತನದ ಬಾಗಿಲಿದೆ. ಅದು ದೈಮ್ಯೊ ಕಾಲದ್ದಲ್ಲ, ತೈಶೊ ಕಾಲದಲ್ಲಿ (1912–1926) ಹಳೆಯದರಂತೆ ಕಟ್ಟಿಸಿಕೊಂಡದ್ದು. ಎಲ್ಲವೂ ‘ಕೆಯಕಿ’ ಎಂಬ ಜಪಾನಿನ ಗಟ್ಟಿ ಮರ. ಅಡ್ಡತೊಲೆಯ ಮೇಲಿನ ಮನೆತನದ ಮುದ್ರೆಯ ಕೆತ್ತನೆ ನೋಡದೆ ಬರಬೇಡಿ.

ಬಾಗಿಲ ಮುಂದೆ ನಿಂತಾಗ ಏನೇನು ನೋಡಬೇಕು?

ಕೆಳಗಿನಿಂದ ಮೇಲಕ್ಕೆ ನೋಡಿ. ಮೊದಲು ಕಂಬದ ಕೆಳಗಿನ ಕಲ್ಲು. ಆಮೇಲೆ ಕದವನ್ನು ಹೊತ್ತ ಎರಡು ದಪ್ಪ ಕಂಬಗಳು. ಇವಕ್ಕೆ ‘ಕಗಾಮಿ-ಬಶಿರ’, ಅಂದರೆ ಕನ್ನಡಿ ಕಂಬ ಎಂದು ಹೆಸರು. ಇವು ಚೌಕವಾಗಿರದೆ, ಎದುರಿಗೆ ಅಗಲವಾಗಿ, ಬದಿಗೆ ಕಿರಿದಾಗಿ ಇರುತ್ತವೆ. ಅನುಕೂಲವಿದ್ದವರು ಕೆಯಕಿ ಮರದ ಒಂದೇ ದಿಮ್ಮಿಯಿಂದ ಮಾಡಿಸುತ್ತಿದ್ದರು. ಇವುಗಳ ತಲೆಯನ್ನು ಸೇರಿಸುವ ಅಡ್ಡತೊಲೆಯೇ ‘ಕಬುಕಿ’. ಒಂದು ಪಕ್ಕದಲ್ಲಿ ತಲೆ ಬಗ್ಗಿಸಿ ನುಗ್ಗುವ ಸಣ್ಣ ಬಾಗಿಲು, ‘ಕುಗುರಿ’. ದೊಡ್ಡ ಕದ ತೆರೆಯುತ್ತಿದ್ದುದು ಒಡೆಯನಿಗೆ, ಗೌರವದ ಅತಿಥಿಗೆ, ಮದುವೆ ಸಾವಿಗೆ. ಉಳಿದ ದಿನವೆಲ್ಲ ಕುಗುರಿಯೇ ಗತಿ.

ಕದದ ಮೇಲಿನ ಅರೆಗೋಲದ ಲೋಹದ ಗುಬ್ಬಿಗಳು ಮೊಳೆಯ ತಲೆ ಮುಚ್ಚಲು, ಉದ್ದನೆಯ ಕವಲು ಪಟ್ಟಿಗಳು ಹಲಗೆ ಬಿಗಿಹಿಡಿಯಲು. ಒಳಗೆ ಹೋಗಿ ಅಗುಳಿ ಹಾಕುವ ತೊಲೆ ಮತ್ತು ಅದರ ಕೊಂಡಿ ನೋಡಿ. ತೊಲೆ ಸರಿದಾಡಿ ಸವೆದ ಗುರುತು ಇದ್ದರೆ ಬಾಗಿಲು ನಿಜವಾಗಿ ದುಡಿದಿದೆ ಎಂದರ್ಥ.

ಗೋಡೆಯ ಮೇಲೆ ಕಪ್ಪು ಚೌಕ, ಬಿಳಿ ಉಬ್ಬುಗೆರೆಗಳ ಜಾಲರಿ ಇತ್ತು. ಅಲಂಕಾರವಾ?

ಮೊದಲು ರಕ್ಷಣೆ, ಆಮೇಲೆ ಅಲಂಕಾರ. ಅದು ‘ನಮಕೊ’ ಗೋಡೆ. ಮಳೆ ಸಿಡಿಯುವ ಕೆಳಭಾಗಕ್ಕೆ ಚಪ್ಪಟೆ ಚೌಕ ಹೆಂಚು ಹೊಡೆದು, ಸಂದುಗಳ ಮೇಲೆ ಸುಣ್ಣದ ಗಾರೆಯನ್ನು ಹಲವು ಸಲ ಬಳಿದು ಅರೆದುಂಡಾಗಿ ಏರಿಸುತ್ತಾರೆ. ಆ ಉಬ್ಬು ಸಮುದ್ರಸೌತೆ ಎಂಬ ಪ್ರಾಣಿಯಂತೆ ಕಾಣುವುದರಿಂದ ಈ ಹೆಸರು. ಗೆರೆಗಳು ಓರೆಯಾಗಿದ್ದರೆ ನೀರು ನಿಲ್ಲದೆ ಜಾರುತ್ತದೆ. ನೇರ ಚೌಕದ ಜಾಲರಿಯಲ್ಲಿ ಅಡ್ಡಗೆರೆಯ ಮೇಲೆ ನೀರು ಕೂತು ಪಾಚಿ ಕಟ್ಟುವುದು ಬೇಗ.

ಮನೆಯವರು ಇನ್ನೂ ವಾಸ ಇದ್ದಾರೆ. ಫೋಟೋ ತೆಗೆದರೆ ತಪ್ಪಾ?

ಬೀದಿಯಿಂದ ಬಾಗಿಲ ಫೋಟೋ ತೆಗೆದರೆ ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ತೆರೆದ ಕದದೊಳಗೆ ಕ್ಯಾಮೆರಾ ತೂರಿಸುವುದು, ಹೆಸರಿನ ಫಲಕ ಕಾಣುವಂತೆ ತೆಗೆದು ಹಂಚುವುದು ತಪ್ಪು. ಬಾಗಿಲು ತೆರೆದಿದೆ ಎಂದರೆ ಕರೆದಂತೆ ಅಲ್ಲ. ಒಳಗೆ ಹೋಗಲು ಅನುಮತಿ ಸಿಕ್ಕರೆ ಹೊಸ್ತಿಲು ತುಳಿಯದೆ ದಾಟಿ. ಈ ವಿಷಯದಲ್ಲಿ ನಮ್ಮ ಅಜ್ಜಿಯಂದಿರೂ ಅವರ ಅಜ್ಜಿಯಂದಿರೂ ಒಂದೇ ಮಾತು ಹೇಳಿದ್ದಾರೆ.

## ಕಾನೂನು ಮತ್ತು ಹಣ

ಸಾಂಸ್ಕೃತಿಕ ಆಸ್ತಿ ಅಂತ ಘೋಷಿಸಿದರೆ ಬಾಗಿಲು ಸರ್ಕಾರದ್ದಾಗಿಬಿಡುತ್ತಾ?

ಇಲ್ಲ, ಮಾಲೀಕತ್ವ ಮನೆಯವರದ್ದೇ. ಕೈಕಟ್ಟುವುದು ಬದಲಾವಣೆಯ ಸ್ವಾತಂತ್ರ್ಯಕ್ಕೆ ಮಾತ್ರ. 1949ರ ಜನವರಿ 26ರಂದು ಹೊರ್ಯುಜಿ ದೇವಾಲಯದ ಕೊಂದೊ ಕಟ್ಟಡದಲ್ಲಿ ಬೆಂಕಿ ಬಿದ್ದು ಭಿತ್ತಿಚಿತ್ರಗಳು ಸುಟ್ಟವು. ಆ ಪೆಟ್ಟಿನ ಮರುವರ್ಷ, 1950ರಲ್ಲಿ, ಇಂದಿನ ಸಂರಕ್ಷಣಾ ಕಾನೂನು ಬಂತು. ಅದಕ್ಕೂ ಮೊದಲು 1929ರ ಕಾನೂನಿನಡಿ ಅಕಮೊನ್ 1931ರಲ್ಲೇ ಪಟ್ಟಿಗೆ ಸೇರಿತ್ತು.

‘ಮುಖ್ಯ ಸಾಂಸ್ಕೃತಿಕ ಆಸ್ತಿ’ಗೂ ‘ನೋಂದಾಯಿತ’ಕ್ಕೂ ಏನು ವ್ಯತ್ಯಾಸ?

ಮುಖ್ಯ ಸಾಂಸ್ಕೃತಿಕ ಆಸ್ತಿಯನ್ನು ಸರ್ಕಾರ ಆರಿಸುತ್ತದೆ. ಇದ್ದ ರೂಪ ಬದಲಿಸಲು ಅನುಮತಿ ಬೇಕು, ದುರಸ್ತಿಗೆ ದೊಡ್ಡ ಪಾಲು ಹಣವೂ ಸಿಗುತ್ತದೆ. ಅಕಮೊನ್, ಕರಿ ಬಾಗಿಲು ಎರಡೂ ಈ ಗುಂಪಿನವು. ನೋಂದಣಿ ಪದ್ಧತಿ 1996ರಲ್ಲಿ ಶುರುವಾಯಿತು, ಅದು ಹಗುರ. ಕಟ್ಟಿ 50 ವರ್ಷ ದಾಟಿರಬೇಕು, ಜತೆಗೆ ಊರಿನ ಚಾರಿತ್ರಿಕ ನೋಟಕ್ಕೆ ಕಳೆ ಕೊಡುವಂಥದ್ದು, ವಿನ್ಯಾಸಕ್ಕೆ ಮಾದರಿಯಾಗಿರುವಂಥದ್ದು, ಮತ್ತೆ ಕಟ್ಟಲು ಸುಲಭವಲ್ಲದ್ದು, ಈ ಮೂರರಲ್ಲಿ ಒಂದಾದರೂ ಆಗಿರಬೇಕು. ಬೀದಿಯಿಂದ ಕಾಣುವ ಹೊರಭಾಗದ ಕಾಲುಭಾಗಕ್ಕಿಂತ ಹೆಚ್ಚು ಬದಲಿಸುವುದಾದರೆ 30 ದಿನ ಮೊದಲು ತಿಳಿಸಬೇಕು. ಒಳಗೆ ಅಂಗಡಿಯನ್ನೋ ಓದುವ ಕೋಣೆಯನ್ನೋ ಮಾಡಿಕೊಳ್ಳಲು ಅಡ್ಡಿಯಿಲ್ಲ.

ಇವೆರಡರ ನಡುವೆ ಪ್ರಾಂತ್ಯ ಮತ್ತು ನಗರಸಭೆಗಳ ಪಟ್ಟಿಗಳೂ ಇವೆ, ಅವುಗಳ ನಿಯಮ ಊರಿಗೊಂದು. ಹಳ್ಳಿಯ ನಗಯಮೊನ್‌ಗೆ ನೋಂದಣಿಯೇ ಹೊಂದುವ ದಾರಿ ಎನ್ನುವುದು ನಮ್ಮ ಅಭಿಪ್ರಾಯ. ಬಳಕೆ ನಿಂತ ನಗಯಮೊನ್ ಹಾಳಾಗುವಷ್ಟು ಬೇಗ ಬಳಕೆಯಲ್ಲಿರುವುದು ಹಾಳಾಗುವುದಿಲ್ಲ.

ದುರಸ್ತಿಗೆ ದುಡ್ಡು ಯಾರು ಕೊಡ್ತಾರೆ? ತೆರಿಗೆ ರಿಯಾಯಿತಿ ಇದೆಯಾ?

ಮುಖ್ಯ ಸಾಂಸ್ಕೃತಿಕ ಆಸ್ತಿಯ ದುರಸ್ತಿಗೆ ಕೇಂದ್ರ ಸರ್ಕಾರ ಸಾಮಾನ್ಯವಾಗಿ ಅರ್ಧ ಖರ್ಚು ಕೊಡುತ್ತದೆ. ಮಾಲೀಕರ ಶಕ್ತಿ ನೋಡಿ ಅದು ಶೇ. 85ರವರೆಗೂ ಏರಬಹುದು. ನೋಂದಾಯಿತ ಕಟ್ಟಡಕ್ಕೆ ಸಿಗುವುದು ನಕ್ಷೆ ಮತ್ತು ಮೇಲ್ವಿಚಾರಣೆಯ ಖರ್ಚಿನ ಅರ್ಧ, ಮರ ಹೆಂಚು ಕೂಲಿಗೆ ಅಲ್ಲ. ಇದು ಗೊತ್ತಿಲ್ಲದೆ ನೋಂದಾಯಿಸಿ ಆಮೇಲೆ ಬೇಸರಪಡುವವರೇ ಹೆಚ್ಚು. ನೋಂದಾಯಿತ ಕಟ್ಟಡದ ಆಸ್ತಿ ತೆರಿಗೆ ಅರ್ಧಕ್ಕಿಳಿಯುತ್ತದೆ. ಮನೆ ಮಕ್ಕಳ ಕೈಗೆ ಬರುವಾಗಿನ ತೆರಿಗೆಯಲ್ಲಿ ನೋಂದಾಯಿತ ಆಸ್ತಿಯ ಮೌಲ್ಯದಿಂದ ಶೇ. 30, ಮುಖ್ಯ ಸಾಂಸ್ಕೃತಿಕ ಆಸ್ತಿಯಾದರೆ ಶೇ. 70 ಕಳೆಯುತ್ತಾರೆ.

ಜಾಗ ಬದಲಿಸಿದ ಬಾಗಿಲಿಗೆ ಬೆಲೆ ಕಡಿಮೆಯಾ?

ಜಪಾನಿನಲ್ಲಿ ಹಾಗೆ ನೋಡುವುದಿಲ್ಲ. ಕೀಲುಗಳಿಂದ ಜೋಡಿಸಿದ ಮರದ ಕಟ್ಟಡ ಬಿಚ್ಚಿ ಸಾಗಿಸಲು ಬರುವಂಥದ್ದು. ಬಿಚ್ಚದೆ, ಇಡೀ ಕಟ್ಟಡವನ್ನು ಎತ್ತಿ ಉರುಳೆಗಳ ಮೇಲೆ ಸರಿಸುವ ‘ಹಿಕಿಯ’ ಎಂಬ ಕಸುಬೂ ಇದೆ. ಅಕಮೊನ್ ಕೂಡ 1903ರಲ್ಲಿ ಸುಮಾರು 15 ಮೀಟರ್ ಬೀದಿಯ ಕಡೆಗೆ ಸರಿದಿದೆ. ಆದರೂ ಒಂದು ಮಾತು: ಬಾಗಿಲು ಅಂದರೆ ಬೀದಿ ಮತ್ತು ಮನೆಯ ನಡುವಿನ ಸಂಬಂಧ. ಹಿಂದೆ ಮನೆಯಿಲ್ಲದ ಬಾಗಿಲನ್ನು ಎಷ್ಟೇ ಚೆನ್ನಾಗಿ ಕಾಪಾಡಿದರೂ ಅರ್ಧ ಮಾತು ಕೇಳಿದಂತೆಯೇ ಇರುತ್ತದೆ.

## ಆರೈಕೆ ಮತ್ತು ದುರಸ್ತಿ

ಇಂಥ ಬಾಗಿಲು ಮೊದಲು ಹಾಳಾಗುವುದು ಎಲ್ಲಿಂದ?

ಪಾದದಿಂದ ಮತ್ತು ನೆತ್ತಿಯಿಂದ. ಎರಡಕ್ಕೂ ಕಾರಣ ನೀರು.

ಕಂಬ ಕಲ್ಲಿನ ಮೇಲೆ ನಿಂತಿರುತ್ತದೆ. ಮರದ ಕಡಿದ ತುದಿ ನೀರನ್ನು ಬತ್ತಿಯಂತೆ ಮೇಲಕ್ಕೆಳೆಯುತ್ತದೆ. ಕಲ್ಲಿನ ಸುತ್ತ ಗಾಳಿಯಾಡಿದರೆ ಒಣಗುತ್ತದೆ, ಇಲ್ಲವಾದರೆ ಕೊಳೆಯುತ್ತದೆ. ಹಿಂದೆ ಬೀದಿ ಮಣ್ಣಿನದಾಗಿತ್ತು. ಟಾರಿನ ಮೇಲೆ ಟಾರು ಬಿದ್ದು ಬೀದಿ ಏರಿತು, ಕಂಬದ ಕಲ್ಲು ಹೂತಿತು, ಮಳೆನೀರು ಒಳಮುಖವಾಗಿ ಹರಿಯತೊಡಗಿತು. ‘ಗಟ್ಟಿಯಾಗಲಿ’ ಎಂದು ಬುಡದ ಸುತ್ತ ಸಿಮೆಂಟು ತುಂಬುವುದು ಇದಕ್ಕಿಂತ ಕೆಟ್ಟದ್ದು, ನೀರಿಗೆ ಬಟ್ಟಲು ಮಾಡಿಕೊಟ್ಟಂತೆ.

ನೆತ್ತಿಯಲ್ಲಿ ಮೊದಲು ನೋಡಬೇಕಾದ್ದು ಎರಡು ಮಾಡು ಸೇರುವ ಕಣಿವೆ. ಅಲ್ಲಿ ಎಲೆ ತುಂಬಿದರೆ ನೀರು ಹೆಂಚಿನಡಿಗೆ ಹಿಮ್ಮೆಟ್ಟುತ್ತದೆ. ಹಳೆಯ ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿ ಹೆಂಚನ್ನು ಸೀಳುತ್ತದೆ, ಆದ್ದರಿಂದ ಈಗ ತಾಮ್ರದ್ದೋ ಸ್ಟೇನ್‌ಲೆಸ್ ಸ್ಟೀಲಿನದೋ ಮೊಳೆ ಬಳಸುತ್ತಾರೆ. ವರ್ಷಕ್ಕೆ ಎರಡು ಸಲ, ಜೂನಿನ ಮಳೆಗೆ ಮುನ್ನ ಮತ್ತು ಚಂಡಮಾರುತಗಳು ಮುಗಿದ ಮೇಲೆ, ಅಟ್ಟಕ್ಕೆ ಹತ್ತಿ ಟಾರ್ಚ್ ಹಾಕಿ ಜಂತೆಗಳ ಮೇಲೆ ನೀರಿನ ಕಲೆ ಹುಡುಕಿ. ಕಲೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮುಂದಿನ ಸಲ ಕಲೆ ಗೆರೆ ದಾಟಿದ್ದರೆ ಸೋರಿಕೆ ಬದುಕಿದೆ.

ಮೂರನೆಯ ಶತ್ರು ಲಾರಿ. ಕುದುರೆ ಗಾಡಿಯ ಅಳತೆಗೆ ಕಟ್ಟಿದ ಸೂರಿಗೆ ಲಾರಿಯ ತಲೆ ತಾಗುತ್ತದೆ.

ಕಂಬದ ಬುಡ ಕೊಳೆತಿದೆ. ಇಡೀ ಕಂಬ ಬದಲಿಸಬೇಕಾ?

ಬೇಡ. ಕೊಳೆತದ್ದನ್ನು ಮಾತ್ರ ಕತ್ತರಿಸಿ ಹೊಸ ಬುಡ ಬೆಸೆಯುವುದಕ್ಕೆ ‘ನೆತ್ಸುಗಿ’ ಎನ್ನುತ್ತಾರೆ. ಕ್ರಮ ಹೀಗೆ. ಮೊದಲು ಆ ಕಂಬದ ಮೇಲಿನ ತೊಲೆಗೆ ಜ್ಯಾಕ್ ಕೊಟ್ಟು ಭಾರ ಇಳಿಸುತ್ತಾರೆ, ಮಾಡು ಭಾರವಿದ್ದರೆ ಆ ಭಾಗದ ಹೆಂಚು ತೆಗೆಯುತ್ತಾರೆ. ಮರವನ್ನು ಸುತ್ತಿಗೆಯಿಂದ ತಟ್ಟಿ, ಮೊನಚಾದ ಉಳಿಯಿಂದ ಚುಚ್ಚಿ, ಗಟ್ಟಿ ಮರ ಎಲ್ಲಿಂದ ಶುರು ಎಂದು ಗುರುತಿಸುತ್ತಾರೆ. ಹೊಸ ತುಂಡು ಅದೇ ಜಾತಿಯ, ಚೆನ್ನಾಗಿ ಒಣಗಿದ ಮರದ್ದಾಗಿರಬೇಕು. ಹಸಿ ಮರ ಕುಗ್ಗಿದರೆ ಬೆಸುಗೆ ಬಾಯಿ ಬಿಡುತ್ತದೆ.

ಬೆಸುಗೆಗೆ ಹೆಚ್ಚಾಗಿ ‘ಕನವ-ತ್ಸುಗಿ’ ಬಳಸುತ್ತಾರೆ. ಮೇಲಿನ ತುಂಡು ಕೆಳಗಿನ ತುಂಡು ಎರಡಕ್ಕೂ ಒಂದೇ ಆಕಾರ. ಬದಿಯಿಂದ ಸೇರಿಸಿ, ನಡುವಿನ ಸಂದಿಗೆ ಗಟ್ಟಿಮರದ ಬೆಣೆ ಹೊಡೆದರೆ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಕಂಬವನ್ನು ಮೇಲೆತ್ತಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಅನುಕೂಲ. ಬೆಸುಗೆಯ ಉದ್ದ ಕಂಬದ ಅಗಲದ ಎರಡೂವರೆಯಿಂದ ಮೂರು ಪಟ್ಟು ಇರಬೇಕು. ಗಿಡ್ಡವಾದರೆ ಗಾಳಿಗೋ ಕಂಪನಕ್ಕೋ ಅಲ್ಲೇ ಮುರಿಯುತ್ತದೆ. ಕೊನೆಗೆ ಹೊಸ ಮರದ ಮೇಲೆ, ಕಾಣದ ಬದಿಯಲ್ಲಿ, ದುರಸ್ತಿಯ ವರ್ಷವನ್ನು ಕಾದ ಕಬ್ಬಿಣದಿಂದ ಒತ್ತುತ್ತಾರೆ. ನೂರು ವರ್ಷದ ಮೇಲೆ ಬಿಚ್ಚುವವನು ಹೊಸದನ್ನು ಹಳೆಯದೆಂದು ಮೋಸಹೋಗಬಾರದಲ್ಲ.

ಕದ ನೆಲಕ್ಕೆ ಉಜ್ಜುತ್ತಿದೆ. ಕೆಳಗೆ ಉಜ್ಜುಗೊರಡು ಹಾಕಿದರೆ ಸಾಕಲ್ಲವೇ?

ದಯವಿಟ್ಟು ಬೇಡ! ಕದ ಬೆಳೆದಿಲ್ಲ, ಕಂಬ ವಾಲಿದೆ ಅಥವಾ ಕೀಲು ಸವೆದಿದೆ. ತೂಕದ ದಾರ ಬಿಟ್ಟು ಎರಡೂ ಕಂಬ ನೋಡಿ. ಕಂಬ ನೆಟ್ಟಗಿದ್ದು ಕದಗಳ ನಡುವಿನ ಸಂದು ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿದ್ದರೆ ಅಥವಾ ಅದಕ್ಕೆ ತಿರುಗುಮುರುಗಾಗಿದ್ದರೆ ದೋಷ ಕೀಲಿನದು. ಮೊಣಕೈ ಆಕಾರದ ಕೀಲಿಗೆ ಲೋಹದ ಬಿಲ್ಲೆ ಹಾಕಿ ಎತ್ತರ ಸರಿಮಾಡಬಹುದು. ಕಂಬವೇ ವಾಲಿದ್ದರೆ ಬುಡ ಕುಸಿದಿದೆ, ಹಿಂದಿನ ಉತ್ತರ ಓದಿ. ಒಮ್ಮೆ ಕೆತ್ತಿದ ಕದ, ಕಂಬ ನೆಟ್ಟಗಾದ ದಿನ ಕೆಳಗೆ ಬೆಕ್ಕು ನುಗ್ಗುವಷ್ಟು ಸಂದು ಬಿಡುತ್ತದೆ.

ಗೋಡೆಯ ಗಾರೆ ಉದುರಿದೆ. ಸಿಮೆಂಟು ಮೆತ್ತಿದರೆ ಏನಾಗುತ್ತೆ?

ಒಳಗಿನ ಮಣ್ಣು ಉಸಿರಾಡುವುದು ನಿಲ್ಲುತ್ತದೆ. ಗೋಡೆಯ ಒಡಲು ಬಿದಿರ ದಬ್ಬೆಗಳನ್ನು ಹುಲ್ಲಿನ ಹಗ್ಗದಿಂದ ಕಟ್ಟಿದ ತಡಿಕೆ. ಅದರ ಮೇಲೆ ಹುಲ್ಲು ಕಲಸಿ ಕೊಳೆಯಲು ಬಿಟ್ಟ ಜೇಡಿಮಣ್ಣು, ನಡುವಿನ ಪದರಕ್ಕೆ ನಯವಾದ ಮಣ್ಣು, ಹೊರಗೆ ಕೆಲವೇ ಮಿಲಿಮೀಟರ್ ದಪ್ಪದ ‘ಶಿಕ್ಕುಯಿ’ ಎಂಬ ಸುಣ್ಣದ ಗಾರೆ. ಸಿಮೆಂಟು ತೇವವನ್ನು ಹೊರಬಿಡದು. ಮಣ್ಣು ಒಳಗೇ ಮೆತ್ತಗಾಗಿ, ಬಿದಿರು ಕೊಳೆತು, ಒಂದು ದಿನ ಸಿಮೆಂಟು ಹಾಳೆಯಂತೆ ಇಡಿಯಾಗಿ ಕಳಚಿಬೀಳುತ್ತದೆ.

ಶಿಕ್ಕುಯಿಗೆ ಅರಳಿಸಿದ ಸುಣ್ಣ, ಕುದಿಸಿ ಸೋಸಿದ ಕಡಲಪಾಚಿಯ ಅಂಟು, ಸಣ್ಣಗೆ ಕತ್ತರಿಸಿದ ಸೆಣಬಿನಂಥ ನಾರು ಬೇಕು. 20 ಕೆ.ಜಿ. ಸುಣ್ಣಕ್ಕೆ ಒಣ ಪಾಚಿ ಅರ್ಧದಿಂದ ಒಂದು ಕೆ.ಜಿ., ನಾರೂ ಹೆಚ್ಚುಕಡಿಮೆ ಅಷ್ಟೇ. ಕೆಳಪದರಕ್ಕೆ ಎರಡೂ ಹೆಚ್ಚು, ಮೇಲ್ಪದರಕ್ಕೆ ಕಡಿಮೆ. ಅಂಟು ಕಡಿಮೆಯಾದರೆ ಮಣ್ಣು ನೀರು ಹೀರಿ ಗಾರೆ ಪುಡಿಯಾಗುತ್ತದೆ, ನಾರು ಕಡಿಮೆಯಾದರೆ ಜೇಡರ ಬಲೆಯಂತೆ ಬಿರುಕು. ಕೆಳಗಿನ ಮಣ್ಣು ಪೂರ್ತಿ ಒಣಗದೆ ಮೇಲೆ ಬಳಿಯಬಾರದು, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಚಳಿ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಗಾರೆ ಕೆಲಸ ಬೇಡ.

ಹುಲ್ಲಿನ ಮಾಡು ಎಷ್ಟು ವರ್ಷ ಬಾಳುತ್ತೆ?

ಸುಸುಕಿ ಹುಲ್ಲಿನ ಮಾಡು 20ರಿಂದ 30 ವರ್ಷ. ಬಿಸಿಲು ಬೀಳದ ಉತ್ತರದ ಬದಿ ಮೊದಲು ಕೊಳೆಯುವುದರಿಂದ ನಾಲ್ಕೂ ಬದಿಯನ್ನು ಒಟ್ಟಿಗೆ ಹೊದಿಸದೆ ಸರದಿಯಲ್ಲಿ ಮಾಡುತ್ತಾರೆ. ಹಳ್ಳಿಗಳಲ್ಲಿ ಹುಲ್ಲಿನ ಮೇಲೆ ತಗಡು ಹೊದಿಸಿದ ಮಾಡುಗಳನ್ನು ಕಂಡು ಮೂಗುಮುರಿಯಬೇಡಿ. ಎಷ್ಟೋ ಕಡೆ ಒಳಗಿನ ಹುಲ್ಲು, ಹಗ್ಗ, ಬಿದಿರು ಇವತ್ತಿಗೂ ಉಳಿದಿರುವುದು ಆ ತಗಡಿನ ಪುಣ್ಯದಿಂದ.

ಗೆದ್ದಲು ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?

ಜಪಾನಿನ ಬಹುಭಾಗದಲ್ಲಿರುವ ಯಾಮತೊ ಗೆದ್ದಲಿಗೆ ಒದ್ದೆ ಮರವೇ ಬೇಕು. ಅದು ಏಪ್ರಿಲ್–ಮೇ ಹೊತ್ತಿಗೆ ಹಗಲಿನಲ್ಲಿ ರೆಕ್ಕೆ ಬಿಚ್ಚಿ ಹಾರುತ್ತದೆ. ಬೆಚ್ಚಗಿನ ಕರಾವಳಿಯ ಇಯೆ ಗೆದ್ದಲು ಹೆಚ್ಚು ಅಪಾಯಕಾರಿ. ಅದು ನೀರನ್ನು ತಾನೇ ಒಯ್ದು ಒಣ ಮರವನ್ನೂ ತಿನ್ನುತ್ತದೆ, ಜೂನ್–ಜುಲೈ ಸಂಜೆ ದೀಪಕ್ಕೆ ಮುತ್ತುತ್ತದೆ. ಹೊಸ್ತಿಲ ಬಳಿ ಉದುರಿದ ರೆಕ್ಕೆ, ಕಲ್ಲಿನ ಮೇಲೆ ಮಣ್ಣಿನ ಸುರಂಗ, ತಟ್ಟಿದರೆ ಟೊಳ್ಳು ಸದ್ದು, ಈ ಮೂರರಲ್ಲಿ ಯಾವುದು ಕಂಡರೂ ಔಷಧಿಗಿಂತ ಮೊದಲು ನೀರಿನ ಮೂಲ ಹುಡುಕಿ.

ಪೂರ್ತಿ ಬಿಚ್ಚಿ ಕಟ್ಟುತ್ತಾರಂತೆ. ತುಂಡುಗಳು ಕಲಸಿಹೋಗುವುದಿಲ್ಲವಾ?

ಬಿಚ್ಚುವ ಮೊದಲು ಇಡೀ ಕಟ್ಟಡಕ್ಕೆ ಚೌಕುಳಿ ಹಾಕಿ, ಒಂದು ದಿಕ್ಕಿಗೆ ಅಕ್ಷರ, ಇನ್ನೊಂದಕ್ಕೆ ಅಂಕಿ ಕೊಟ್ಟು, ಪ್ರತಿ ತುಂಡಿಗೂ ಮರದ ಚೀಟಿ ಹೊಡೆಯುತ್ತಾರೆ. ಎಲ್ಲ ಚೀಟಿಗಳೂ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಹಾಗಿದ್ದರೆ ಜೋಡಿಸುವಾಗ ಕಂಬ ತಿರುಗಿ ನಿಲ್ಲುವ ತಪ್ಪಾಗದು. ಹಳೆಯ ಬಡಗಿಗಳೂ ಇದೇ ಮಾಡಿದ್ದರು, ಬಿಚ್ಚಿದಾಗ ಕೀಲುಗಳ ಒಳಗೆ ಅವರ ಮಸಿಯ ಅಕ್ಷರಗಳು ಸಿಗುತ್ತವೆ.

ಪೂರ್ತಿ ಬಿಚ್ಚುವುದು ಕೊನೆಯ ಉಪಾಯ. ಕಂಬಗಳು ನೆಟ್ಟಗಿದ್ದರೆ ಮಾಡು, ಗೋಡೆ ಮಾತ್ರ ಬಿಚ್ಚಿ ಅಸ್ಥಿಪಂಜರ ಉಳಿಸಿಕೊಳ್ಳುತ್ತಾರೆ. ಈ ಕಸುಬುಗಳನ್ನು, ಅಂದರೆ ಬಡಗಿತನ, ಗಾರೆ, ಹೆಂಚು, ಹುಲ್ಲು ಹೊದಿಕೆ ಎಲ್ಲ ಸೇರಿ 17 ಕೌಶಲಗಳನ್ನು, ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿತು.

ಕಟ್ಟಿದ ವರ್ಷವನ್ನು ಹೇಗೆ ಕಂಡುಹಿಡಿಯುತ್ತಾರೆ?

ಅದೃಷ್ಟವಿದ್ದರೆ ಮಾಡಿನ ನೆತ್ತಿಯ ತೊಲೆಗೆ ಹೊಡೆದ ‘ಮುನಫುದ’ ಹಲಗೆಯಲ್ಲಿ ವರ್ಷ, ಬಡಗಿಯ ಹೆಸರು ಎರಡೂ ಇರುತ್ತವೆ. ಇಲ್ಲವಾದರೆ ಮೊಳೆ ನೋಡಬೇಕು: ಕಮ್ಮಾರ ಬಡಿದ ಚೌಕ ಮೊಳೆ ಹಳೆಯದು, ದುಂಡು ತಂತಿಯ ಮೊಳೆ ಮೇಜಿ ಕಾಲದಲ್ಲಿ ಬಂದದ್ದು. ಆದರೆ ಒಂದು ದುಂಡು ಮೊಳೆ ಕಂಡ ಮಾತ್ರಕ್ಕೆ ಕಟ್ಟಡವೇ ಹೊಸದು ಎನ್ನಲಾಗದು, ಆ ಹಲಗೆಯನ್ನಷ್ಟೇ ಬದಲಿಸಿರಬಹುದು. ಕಂಬದಲ್ಲಿ ಕೆಲಸವಿಲ್ಲದ ಕೀಲುತೂತುಗಳಿದ್ದರೆ ಅಲ್ಲಿ ಹಿಂದೆ ಗೋಡೆಯೋ ತೊಲೆಯೋ ಇತ್ತು, ಅಥವಾ ಕಂಬವೇ ಬೇರೆ ಕಟ್ಟಡದ್ದು. ಎಲ್ಲ ತೂತುಗಳನ್ನೂ ನಕ್ಷೆಗಿಳಿಸಿದರೆ ಬಾಗಿಲ ಹಳೆಯ ಆಕಾರ ತಾನಾಗಿ ಎದ್ದುಬರುತ್ತದೆ.

ಭೂಕಂಪಕ್ಕೆ ಇವು ಯಾಕೆ ದುರ್ಬಲ? ಮೂಲ ಕೆಡಿಸದೆ ಗಟ್ಟಿ ಮಾಡಬಹುದಾ?

ತಲೆಭಾರ ಹೆಚ್ಚು, ನಡು ಖಾಲಿ. ಹೆಂಚಿನ ಕೆಳಗೆ ಹಾಸಿದ ಮಣ್ಣು ಸೇರಿ ಮಾಡು ಬಹಳ ತೂಗುತ್ತದೆ. ದಾರಿಯಿರುವ ನಡುಭಾಗದಲ್ಲಿ ಅಡ್ಡ ಗೋಡೆಯೇ ಇಲ್ಲ. ನಗಯಮೊನ್‌ನಲ್ಲಿ ಎರಡು ಬದಿಯ ಕೋಣೆಗಳು ಗೋಡೆಗಳಿಂದ ಗಟ್ಟಿ, ನಡುವು ಸಡಿಲ. ಅಲುಗಿದಾಗ ಇವೆರಡೂ ಬೇರೆ ಬೇರೆ ತಾಳದಲ್ಲಿ ತೂಗಿ ಸೇರುವೆಯಲ್ಲಿ ಹರಿಯುತ್ತವೆ.

ಮೊದಲ ಮದ್ದು ಭಾರ ಇಳಿಸುವುದು. ಹೆಂಚಿನಡಿಯ ಮಣ್ಣು ತೆಗೆದು, ಮರದ ಪಟ್ಟಿಗಳಿಗೆ ಹೆಂಚು ಕೂರಿಸಿದರೆ ಹೊರಗಿನಿಂದ ಏನೂ ಗೊತ್ತಾಗದು. ಎರಡನೆಯದು, ಬದಿಯ ಕೋಣೆಗಳೊಳಗೆ ಕಾಣದ ಜಾಗದಲ್ಲಿ, ಬೀರುವಿನ ಹಿಂದೆಯೋ ಅಟ್ಟದಲ್ಲೋ, ಹಲಗೆಯ ಗೋಡೆ ಅಥವಾ ಉಕ್ಕಿನ ಚೌಕಟ್ಟು ಸೇರಿಸುವುದು. ಅದನ್ನು ಹಳೆಯ ಮರಕ್ಕೆ ಅಂಟಿಸುವುದಿಲ್ಲ, ಬೋಲ್ಟ್ ಹಾಕುತ್ತಾರೆ, ನಾಳೆ ಇದಕ್ಕಿಂತ ಒಳ್ಳೆಯ ಉಪಾಯ ಬಂದರೆ ಬಿಚ್ಚಲು ಬರಬೇಕು. ಮೂರನೆಯದು, ಕೊಳೆತ ಕಂಬದ ಬುಡ ಮತ್ತು ಸಡಿಲವಾದ ಬೆಣೆ ಸರಿಮಾಡುವುದು. ಇದು ಎಲ್ಲಕ್ಕಿಂತ ಅಗ್ಗ, ಎಲ್ಲರೂ ಮರೆಯುವುದೂ ಇದನ್ನೇ. ಕಂಬಗಳನ್ನು ಅಡ್ಡಡ್ಡ ಸೇರಿಸುವ ಪಟ್ಟಿಗಳಿಗೆ ‘ನುಕಿ’ ಎನ್ನುತ್ತಾರೆ. ಅವು ಕಂಬದ ತೂತಿನಲ್ಲಿ ಬೆಣೆಯಿಂದ ಬಿಗಿದಿದ್ದರೆ ಅಲುಗಾಟದ ಶಕ್ತಿಯನ್ನು ಕೀಲುಗಳೇ ಉಜ್ಜಿ ಉಜ್ಜಿ ನುಂಗುತ್ತವೆ. ಮರ ಒಣಗಿ ಬೆಣೆ ಸಡಿಲಾದರೆ ಆ ಕೆಲಸ ನಿಲ್ಲುತ್ತದೆ. ಚಳಿಗಾಲದ ಒಣ ಹವೆಯಲ್ಲಿ ಒಮ್ಮೆ ಸುತ್ತಿಗೆ ಹಿಡಿದು ಎಲ್ಲ ಬೆಣೆಗಳನ್ನೂ ತಟ್ಟಿ ನೋಡಿ. ‘ಟಕ್’ ಎಂದರೆ ಬಿಗಿಯಾಗಿದೆ, ‘ಲೊಡಕ್’ ಎಂದರೆ ಮೆಲ್ಲಗೆ ಒಂದೆರಡು ಏಟು ಕೊಟ್ಟು ಕೂರಿಸಿ.